ದಸ್ತಗೀರಸಾಬರ ಆವಾಜ

ಹಾನಗಲ್ಲ
೧೪ ಮೇ ೨೦೨೪, ಮಂಗಳವಾರ

ಪ್ರೀತಿಯ ತಮ್ಮ ಮಾಲತೇಶಾ,

ಅಣ್ಣನ ಆಶೀರ್ವಾದ ಗೋವೆಯ ಕಡಲ ದಂಡೆಗೆ ಕೇಳಿಸುವಷ್ಟು ಗಟ್ಟಿಯಾಗಿ ಬಂದು ಮುಟ್ಟಲಿ! ಮೊದಲು ನಿನ್ನ ಆರೋಗ್ಯದ ಮಾತು. ಎಡಗೈ ಹೆಬ್ಬೆರಳಿನ ಬುಡದ ನೋವು ಈಗ ಹೇಗಿದೆ? ಹೋಟೆಲಿನವರು ವಾರಕ್ಕೊಂದು ದಿನವಾದರೂ ಬಿಡುವು ಕೊಡುತ್ತಾರೋ, ಇಲ್ಲ ಉಣ್ಣುವವರು ಉಣ್ಣುತ್ತಲೇ ಇರುತ್ತಾರೆ, ಬಾರಿಸುವವನು ಬಾರಿಸುತ್ತಲೇ ಇರಬೇಕೋ? ಔಡಲೆಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳಬೇಕೆಂದು ನಿನ್ನ ವೈನಿ ಹೇಳಿದ್ದಾಳೆ. ನೀನು ತಿಕ್ಕಿಕೊಳ್ಳುವುದಿಲ್ಲ ಎಂಬುದನ್ನೂ ಅವಳೇ ಹೇಳಿದ್ದಾಳೆ. ಇಲ್ಲಿ ನಾವೆಲ್ಲ ಕ್ಷೇಮ. ಮಗಳು ಅಂಕಿತಾ ದಿನಾ ಶಿಗ್ಗಾವಿಯ ದವಾಖಾನೆಯ ಲ್ಯಾಬಿಗೆ ಹೋಗಿ ಮಂದಿಯ ರಕ್ತ ನೋಡಿ ಬರುತ್ತಾಳೆ, ಮನೆಗೆ ಬಂದ ಮೇಲೆ ನೀನು ಕಲಿಸಿದ ಗಿಟಾರು ಹಿಡಿಯುತ್ತಾಳೆ. ನನ್ನ ಶುಗರು ಇಳಿದಿದೆ, ಧ್ವನಿ ಇಳಿದಿಲ್ಲ. ಹಾಲಿನವನನ್ನು ಕೂಗಿದರೆ ಆಚೆ ಓಣಿಯ ಹಾಲಿನವನೂ ಓಡಿ ಬರುತ್ತಾನೆ. ಫೋನು ಬಿಟ್ಟು ಪತ್ರ ಯಾಕೆ ಅನ್ನುತ್ತೀಯೇನು? ಫೋನಿನಲ್ಲಿ ನಾನು ಒಂದು ಮಾತಿಗೆ ಪೀಠಿಕೆ ಹಾಕುವಷ್ಟರಲ್ಲಿ ನೀನು 'ಮುಂದ ಹೇಳಣ್ಣಾ, ಮುಂದ ಹೇಳು' ಎನ್ನುತ್ತೀ. ರಂಗದ ಮೇಲೆ ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನೆ ನಿಲ್ಲಬೇಕು. ಕಾಗದವಾದರೆ ನಿಲ್ಲಲೇಬೇಕಲ್ಲ!

ಹಿಂದೆ ಏನಾಯಿತೆಂದು ಸಭೆಗೆ ತಿಳಿಸದೆ ಪರದೆ ಎತ್ತುವವನು ನಾನಲ್ಲ. ಆದ್ದರಿಂದ ನಿನಗೆ ಗೊತ್ತಿದ್ದದ್ದನ್ನೇ ಮೊದಲು ಹೇಳುತ್ತೇನೆ. ಅಪ್ಪ ರಾಜನ ಪಾರ್ಟು ಮಾಡುತ್ತಿದ್ದ ನಾಟಕ ಕಂಪನಿಯಲ್ಲಿ, ಪೇಟಿ ಮಾಸ್ತರರ ಮಗ್ಗುಲಿಗೆ, ತಬಲಾದವರ ಹಿಂದೆ, ಕರೆಂಟಿನ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದವರು ಸವಣೂರಿನ ದಸ್ತಗೀರಸಾಬರು. ಹುಬ್ಬಳ್ಳಿಯಿಂದ ದಾವಣಗೆರೆಯವರೆಗೆ ಅವರ ಹೆಸರು! ಇವತ್ತಿನ ನಾಟಕ ಯಾವುದೆಂದು ಕೇಳದೆ 'ಗಿಟಾರ ಸಾಬ್ರು ಅದಾರೇನ್ರಿ?' ಎಂದು ಕೇಳಿ ಚೀಟಿ ಹರಿಸಿದವರನ್ನು ನಾನು ಗೇಟಿನಲ್ಲಿ ನಿಂತು ನೋಡಿದ್ದೇನೆ. ನೀನಾಗ ತೊಟ್ಟಿಲಲ್ಲಿದ್ದೆ. ಅವರ ಬೇರೆ ಬಾರಿಸಾಣಿಕೆಯೆಲ್ಲ ಒಂದು ತೂಕ, ಶೋಕದ ಗತ್ತು ಎಂಬ ಆ ಒಂದು ಧಾಟಿಯೇ ಇನ್ನೊಂದು ತೂಕ. ಆ ಗತ್ತಿನಲ್ಲಿ ತಂತಿ ಅಳುವುದಿಲ್ಲ ತಮ್ಮಾ, ಅಳುವವರ ಗಂಟಲು ಕಟ್ಟುತ್ತದಲ್ಲ, ಆ ಕಟ್ಟಿದ ಗಂಟಲಿನ ನಾದ ಅದು. ಯಾರೋ ಪುಣ್ಯಾತ್ಮ ಥೇಟರಿನಲ್ಲಿಯೇ ಟೇಪು ಹಚ್ಚಿ ಹಿಡಿದ ಕ್ಯಾಸೆಟ್ಟೊಂದು ಉಳಿಯಿತು. ನೀನು ಅದನ್ನೇ ಕೇಳಿ ಗಿಟಾರು ಕಲಿತೆ. ಈಗ ಅದು ಮೊಬೈಲಿಗೆ ಬಂದು, ಕನ್ನಡ ಬಾರದ ಹುಡುಗರೂ ತಲೆದೂಗಿ, ಮುಂಬೈಯ ಹಾಡಿನ ಕಂಪನಿಯವರು ಆ ಗತ್ತುಗಳನ್ನು ಹೊಸದಾಗಿ ಮುದ್ರಿಸುತ್ತೇವೆಂದು ಮುಂದೆ ಬಂದರು. ಹಳೆಯ ಕ್ಯಾಸೆಟ್ಟಿನಲ್ಲಿ ಅರ್ಧ ಗಿಟಾರು, ಇನ್ನರ್ಧ ಜನರ ಕೆಮ್ಮು ಮತ್ತು ಶೇಂಗಾ ಸಿಪ್ಪೆ ಒಡೆಯುವ ಸಪ್ಪಳ. ಸಾಬರು ಮಣ್ಣಿಗೆ ಹೋಗಿ ಬಹಳ ವರ್ಷವಾಯಿತು. ಒಪ್ಪಿಗೆ ಕೊಡಬೇಕಾದವರು ಅವರ ಹೆಂಡತಿ ಹಮೀದುನ್ನೀಸಾ ಚಾಚಿ. ಚಾಚಿಯದು ಒಂದೇ ಮಾತು: 'ಆವಾಜ ಅವರದಾಗಿರಬೇಕು. ಇಲ್ಲಂದ್ರ ಹೆಸರು ಅವರದು ಹಾಕಬ್ಯಾಡ್ರಿ.'

ಬಾರಿಸುವವನು ನೀನೇ ಆಗಬೇಕೆಂಬುದು ನಿನ್ನ ಆಸೆ. ಇಷ್ಟು ವರ್ಷ ಉಣ್ಣುವವರ ಬೆನ್ನಿಗೆ ಬಾರಿಸಿದವನು ಒಮ್ಮೆ ಕೇಳುವವರ ಮುಖಕ್ಕೆ ಬಾರಿಸಬೇಕೆನ್ನುವುದು ಸಣ್ಣ ಆಸೆಯಲ್ಲ. ಯುಗಾದಿಗೆಂದು ಬಂದವನು ರಂಜಾನ ಹಬ್ಬದ ಮರುದಿನ ನನ್ನನ್ನು ಎಬ್ಬಿಸಿಕೊಂಡು ಸವಣೂರಿಗೆ ಹೋದೆ. ಸುರಕುಂಬಾ ಪಾಯಸದ ಬಟ್ಟಲು ಕೈಯಲ್ಲಿ ಹಿಡಿದು ಚಾಚಿ ನೀನು ಬಾರಿಸುವುದನ್ನು ಕೇಳಿದರು. ಜಗತ್ತಿನ ಎಲ್ಲ ಆಂಪ್ಲಿಫೈಯರುಗಳ ಧ್ವನಿಯನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದೆ ಎಂದು ನೀನು ಹೇಳಿದ ಆ ಕಾಲಡಿಯ ಪೆಟ್ಟಿಗೆ ಕೆಂಪು, ಹಸಿರು ದೀಪ ಹಚ್ಚಿಕೊಂಡು ಕುಣಿಯಿತು. ಬಾರಿಸಿ ಮುಗಿಸಿದೆ. ಚಾಚಿ ಬಟ್ಟಲು ಕೆಳಗಿಟ್ಟು, 'ಬೇಟಾ, ಭಾಳ ಚಂದ ಬಾರಸ್ತಿ. ಕಾಲಾಗಿನ ಆ ಡಬ್ಬಿನೂ ಚಂದ ಮಿಣಿಮಿಣಿ ಅಂತೈತಿ. ಆದ್ರ ಇದು ನಮ್ಮವರದಲ್ಲ' ಅಂದರು. ಶಿಗ್ಗಾವಿಯಲ್ಲಿ ಬಸ್ಸಿನಿಂದ ಇಳಿದೆವು. ಅಲ್ಲಿ ಚಹಾ ಕುಡಿಯುವಾಗ, 'ಅಣ್ಣಾ, ತಪ್ಪು ಕೈದಲ್ಲ, ಸೆಟ್ಟಿಂದು. ಸಾಬರ ಆ ಹಳೇ ವಾಲ್ವ್ ಆಂಪ್ಲಿಫೈಯರ್ ಸೆಟ್ ಹುಡುಕು. ಅದು ಸಿಕ್ರ ಚಾಚಿ ಬ್ಯಾಡ ಅನ್ನಾಕ ಆಗೂದಿಲ್ಲ' ಅಂದೆ. ಹೋಟೆಲಿನಲ್ಲಿ ಬೇರೆಯದಿದೆ ಎಂದು ಗಿಟಾರನ್ನು ಮನೆಯಲ್ಲಿ ಬಿಟ್ಟೆ. ಯಾವ ಬಣ್ಣವೂ ಹಚ್ಚದ ನಿನ್ನ ಬರಿಯ ತಂತಿಯ ನಾದವನ್ನು ಅಂಕಿತಾಳ ಮೊಬೈಲಿಗೆ ಹಾಕಿ, ಸೆಟ್ಟು ಸಿಕ್ಕ ದಿನ ಇದನ್ನು ಅದರೊಳಗೆ ಹಾಯಿಸಿ ಚಾಚಿಗೆ ಕೇಳಿಸಿರೆಂದು ಹೇಳಿ ಗೋವೆಯ ಬಸ್ಸು ಹತ್ತಿದೆ. ಇಲ್ಲಿಗೆ ಪೀಠಿಕೆ ಮುಗಿಯಿತು. ಈಗ ಪರದೆ!

ಕಂಪನಿ ಕೊನೆಯುಸಿರು ಬಿಟ್ಟದ್ದು ಹಿರೇಕೆರೂರಿನಲ್ಲಿ ಎಂಬುದು ನನಗೆ ನೆನಪಿತ್ತು. ಅಲ್ಲಿ ಮದುವೆ ಮುಂಜಿವೆಗೆ ಮೈಕಿನ ಸೆಟ್ಟು ಬಾಡಿಗೆ ಕೊಡುವ ದ್ಯಾಮಪ್ಪನ ತಂದೆ ಕಂಪನಿಯ ಸಾಮಾನೆಲ್ಲ ಎತ್ತಿಕೊಂಡಿದ್ದರು. ಹೋಗಿ ವಿಚಾರಿಸಿದೆ. ದ್ಯಾಮಪ್ಪ ನನ್ನನ್ನು ನೇರವಾಗಿ ಹಿತ್ತಲಿಗೆ ಕರೆದುಕೊಂಡು ಹೋದ. ನಿನ್ನ ಜಗತ್ಪ್ರಸಿದ್ಧ ಆಂಪ್ಲಿಫೈಯರಿನ ಮೇಲೆ ಅವನ ಆಯಿ ಸಿಂಹಾಸನವೇರಿದ ಮಹಾರಾಣಿಯಂತೆ ಕುಳಿತು ಮೆಂತೆ ಪಲ್ಯ ಸೋಸುತ್ತಿದ್ದಳು! 'ಒಯ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಆಯಿಗೆ ಕುಂದ್ರಾಕ ಅಷ್ಟ ಎತ್ತರದ್ದು ಏನರ ಮಾಡಿಸಿ ಕೊಡ್ರಿ. ಸ್ಟೂಲು ಎತ್ತರಾಕ್ಕೈತಿ, ಮಣಿ ಕೆಳಗಾಕ್ಕೈತಿ' ಅಂದ ದ್ಯಾಮಪ್ಪ. ಬಡಿಗೇರನಲ್ಲಿ ಹೋಗಿ ಅಳತೆ ಕೊಟ್ಟು ಬೇವಿನ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿದೆ. ಆಯಿ ಕುಳಿತು ನೋಡಿದಳು, ಎದ್ದಳು, ಮತ್ತೆ ಕುಳಿತಳು. 'ಎತ್ತರ ಬರೋಬರಿ ಐತಿ. ಆದ್ರ ಒಳಗ ಇಲಿ ಇಲ್ಲ, ಸಪ್ಪಳನ ಇಲ್ಲ' ಎಂದಳು. ಆ ಇಲಿಗಳು ಬಸ್ಸಿನ ತಲೆಯ ಮೇಲೆ ನನ್ನೊಂದಿಗೆ ಹಾನಗಲ್ಲಿನವರೆಗೆ ಬಂದವು.

ನಮ್ಮ ಟಿವಿ ರಿಪೇರಿಯ ಅಂಬರೀಶ ಗೊತ್ತಲ್ಲ, ಕೆಲಸ ಸ್ಕ್ರೂ ಬಿಚ್ಚುವುದು, ಮಾತು ಉಪಗ್ರಹ ಹಾರಿಸುವವನದು. ಪೆಟ್ಟಿಗೆ ಬಿಚ್ಚಿದ. ಒಳಗೆ ಇಲಿಯ ಸಂಸಾರ, ನಾಟಕದ ಹ್ಯಾಂಡ್‌ಬಿಲ್ಲಿನ ಚೂರು, ಮತ್ತು ಸಾಲಾಗಿ ನಿಂತ ಗಾಜಿನ ವಾಲ್ವುಗಳು. ಸತ್ತ ವಾಲ್ವಿಗೆ ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಜೋಡಿ ಹುಡುಕಿದ. ಹಚ್ಚಿದಾಗ ಒಂದೊಂದೇ ವಾಲ್ವು ಒಳಗೊಳಗೇ ಕೆಂಪಗಾದದ್ದನ್ನು ಕಂಡು ನಾನು ಕೈಯೆತ್ತಿ ಮುಗಿದೆ. ಆಗ ಅಂಬರೀಶ ಎದೆಯುಬ್ಬಿಸಿ, 'ಕಾಕಾರ, ವಾಲ್ವ್ ಅಂದ್ರ ಬಾಣಂತಿ ಇದ್ದಂಗ. ಕರೆಂಟ್ ಹೆಚ್ಚಾದ್ರೂ ತಡಿಯೂದಿಲ್ಲ, ಕಡಿಮ್ಯಾದ್ರೂ ತಡಿಯೂದಿಲ್ಲ' ಎಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸ್ಟೆಬಿಲೈಜರನ್ನು ತಂದು ಅದಕ್ಕೆ ಗಂಟು ಹಾಕಿದ. ಬೇಡವೆನ್ನುವವರು ಯಾರು? ನಮ್ಮ ಕಡೆ ಸ್ಟೆಬಿಲೈಜರಿಲ್ಲದೆ ಫ್ರಿಜ್ಜು ತರುವುದೆಂದರೆ ಚಪ್ಪರವಿಲ್ಲದೆ ಮದುವೆ ಮಾಡಿದ ಹಾಗೆ. ನಾನೂ ಭೇಷ್ ಅಂದೆ, ನಿನ್ನ ವೈನಿಯೂ ಭೇಷ್ ಅಂದಳು.

ಟೆಂಪೋದಲ್ಲಿ ಎಲ್ಲವನ್ನೂ ಹೇರಿಕೊಂಡು ಸವಣೂರಿಗೆ ದಂಡಯಾತ್ರೆ ಹೊರಟೆವು. ಅಂಕಿತಾಳಿಗೆ ಭಾನುವಾರ ಬಿಡುವಿತ್ತು. ಸೆಟ್ಟು ಸರಿಹೋದ ಮೇಲೆಯೇ ನಿನ್ನ ನಾದ ಹಾಯಿಸೋಣ ಎಂದುಕೊಂಡೆವು, ಅಲ್ಲಿಯವರೆಗೆ ಬಾರಿಸಲು ಬೇರೆ ಕೈ ಯಾವುದಿದೆ ನಮ್ಮಲ್ಲಿ? ಚಾಚಿಯ ಪಡಸಾಲೆಯಲ್ಲಿ ಸೆಟ್ಟು ಇಟ್ಟೆವು, ಸ್ಟೆಬಿಲೈಜರಿನ ಮುಳ್ಳು ನೆಟ್ಟಗೆ ನಿಂತಿತು, ಅಂಕಿತಾ ಶೋಕದ ಗತ್ತಿನ ಮೊದಲ ಸಾಲು ಹಿಡಿದಳು. ಸ್ವಚ್ಛ! ಗೋಡೆ ಮೀರಿ ಓಣಿಗೆ ಹೋಗುವಂತಹ ಸ್ವಚ್ಛ! ಚಾಚಿ ಕಿವಿಯ ಮೇಲಿನ ಸೆರಗು ಸರಿಸಿ, 'ತೊಳದ ತಾಟು ಬಿದ್ದಂಗ ಆತು' ಅಂದರು. ಅಂಬರೀಶನಿಗೆ ತಡೆಯಲಿಲ್ಲ. 'ಅಮ್ಮಾರ, ಇದಕ್ಕ ಕ್ಲಿಯರ್ ಸೌಂಡ್ ಅಂತಾರ್ರಿ!' ಅಂದ. 'ಆ ಕ್ಲಿಯರ್ ಇರೂದ ಕೇಡಾಗೇತಿ' ಅಂದರು ಚಾಚಿ. ಅಂಬರೀಶ ಸೋಲೊಪ್ಪುವ ವಂಶದವನಲ್ಲ. ರಟ್ಟೀಹಳ್ಳಿಯ ಮುಚ್ಚಿದ ಟೂರಿಂಗ್ ಟಾಕೀಸಿನಿಂದ ಕಾಗದದ ಕೋನಿನ ಹಳೆಯ ಸ್ಪೀಕರು ತಂದ, ಒಳಗಿನ ಕಂಡೆನ್ಸರುಗಳನ್ನು ಬದಲಿಸಿದ. ಮುಂದಿನ ಭಾನುವಾರ ಮತ್ತೆ ದಂಡಯಾತ್ರೆ. ಈ ಸಲ ಚಾಚಿ ಸ್ವಲ್ಪ ಹೆಚ್ಚು ಹೊತ್ತು ಕೇಳಿದರು. 'ಮೊದಲ ಸ್ಟೀಲಿನ ತಾಟು ಇತ್ತು, ಈಗ ಹಿತ್ತಾಳಿದಾತು' ಅಂದರು.

ಅಂಬರೀಶ ಸ್ಟೆಬಿಲೈಜರಿಗೆ ಒರಗಿ ಕುಳಿತುಬಿಟ್ಟ. ನಾನು ನಿನ್ನ ಪರವಾಗಿ ಗಂಟಲು ಬಿಚ್ಚಿದೆ. ಚಾಚಿ, ಸೆಟ್ಟು ಅದೇ, ವಾಲ್ವು ಅವೇ, ಗತ್ತೂ ಅದೇ, ಇನ್ನೇನು ಬಾಕಿ ಹೇಳಿರೆಂದು ಕೇಳಿದೆ. ಅವರು ಟ್ಯೂಬ್‌ಲೈಟಿನ ಕಡೆ ನೋಡುತ್ತ, ಈ ವರ್ಷ ಮಾವು ಕಡಿಮೆ ಎಂದು ಹೇಳುವ ಧಾಟಿಯಲ್ಲಿ, 'ನಂಗೇನ ಗೊತ್ತೋ ಬೇಟಾ ನಿಮ್ಮ ಸೆಟ್ಟಿಂದು. ಇಷ್ಟು ಬೆಳಕಿನ್ಯಾಗ ಆ ಗತ್ ಕೇಳಿ ನಂಗ ರೂಢಿ ಇಲ್ಲ. ಅದನ್ನ ಬಾರಿಸೂವಾಗ ಅವರ ಮಾರಿ ನಂಗ ಒಮ್ಮೀನೂ ಕಂಡಿಲ್ಲ' ಅಂದರು. ಅಂದು ಎದ್ದು ಒಳಗೆ ಹೋಗಿ ನಮಗೆ ಚಹಾಕ್ಕಿಟ್ಟರು.

ಬಂಕಾಪುರ ದಾಟುವವರೆಗೆ ಟೆಂಪೋದಲ್ಲಿ ಆ ಮಾತು ನನ್ನ ಎದುರಿಗೇ ಕುಳಿತಿತ್ತು. ಆಮೇಲೆ ನಾನು ಹಾಕಿದ ಕೂಗಿಗೆ ಡ್ರೈವರು ಬ್ರೇಕು ಒತ್ತಿದ. ಏನು ಕೂಗಿದೆನೆಂದರೆ, 'ದೀಪ ಬಿತ್ರೋ, ಅಳ್ರೋ!' ಇದು ನಮ್ಮ ಕಂಪನಿ ಮಾಲಕರ ಕೂಗು ತಮ್ಮಾ. ನಿನಗೆ ಗೊತ್ತಿರಲಿಕ್ಕಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಥೇಟರು ಕಟ್ಟುತ್ತಿದ್ದೆವು, ಹತ್ತಿರದ ಪಂಪ್‌ಸೆಟ್ಟಿನ ಕಂಬದಿಂದಲೇ ಕರೆಂಟು. ರೈತರು ಮೋಟರು ಹಚ್ಚಿದರೆಂದರೆ ವೋಲ್ಟೇಜು ಪಾತಾಳಕ್ಕೆ! ರಂಗದ ಮೇಲಿನ ಬಲ್ಬುಗಳೆಲ್ಲ ಜೋಲು ಮುಖ ಹಾಕುವವು. ಅಂಥ ಬೆಳಕಿನಲ್ಲಿ ನಗೆಯ ಸೀನು ಮಾಡಿದರೆ ಯಾರು ನಗುತ್ತಾರೆ? ಅದಕ್ಕೆ ಮಾಲಕರು ಒಂದು ಕಾನೂನು ಮಾಡಿದ್ದರು. ದೀಪ ಬಿದ್ದ ಕೂಡಲೇ, ನಡೆಯುತ್ತಿರುವುದು ಯಾವ ಸೀನೇ ಇರಲಿ, ಅದನ್ನು ಅಲ್ಲಿಗೇ ಕೈಬಿಟ್ಟು ಶೋಕದ ಸೀನಿಗೆ ಹಾರಬೇಕು. ವಿಂಗಿನಲ್ಲಿ ನಿದ್ದೆ ಮಾಡುತ್ತಿದ್ದ ನನ್ನನ್ನು ಎತ್ತಿ ತಂದು ಅಪ್ಪನ ಎದೆಯ ಮೇಲೆ ಬಿಸಾಡುತ್ತಿದ್ದರು, ನಾನು ತಬ್ಬಲಿ ರಾಜಕುಮಾರನಾಗಿ ಅಳುತ್ತಿದ್ದೆ. ಕೊನೆಯ ಅಂಕದಲ್ಲಿ ಸಾಯಬೇಕಾದ ಅಪ್ಪ ಮೊದಲ ಅಂಕದಲ್ಲಿಯೇ ಸತ್ತು, ಗೋಳೆಲ್ಲ ಮುಗಿದು ವೋಲ್ಟೇಜು ಬಂದ ಮೇಲೆ ಎದ್ದು ಮೀಸೆ ತಿರುವಿ ಯುದ್ಧಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜನ ಒಬ್ಬರೂ ತಕರಾರು ಮಾಡಲಿಲ್ಲ. ಶೋಕದ ಸೀನಿಗೆ ಶೋಕದ ಗತ್ತು! ಅಂದಮೇಲೆ ದಸ್ತಗೀರಸಾಬರು ಆ ಗತ್ತನ್ನು ಪೂರಾ ವೋಲ್ಟೇಜಿನಲ್ಲಿ ಜನ್ಮದಲ್ಲಿಯೇ ಬಾರಿಸಿಲ್ಲ. ಹೊಟ್ಟೆ ತುಂಬ ಕರೆಂಟು ಕುಡಿಯದ ವಾಲ್ವುಗಳ ಏದುಸಿರು ಅದು. ನಾವೋ, ದೊಡ್ಡ ಸ್ಟೆಬಿಲೈಜರು ಹಚ್ಚಿ ಬಾಣಂತಿಗೆ ತುಪ್ಪ ಉಣ್ಣಿಸುತ್ತ ಕೂತಿದ್ದೆವು.

ಚಾಚಿಯ ಮಗ ಇಮ್ರಾನನ ಎಲೆಬಳ್ಳಿ ತೋಟ ಸವಣೂರು ದಾಟಿ ಯಲವಿಗಿ ರಸ್ತೆಗಿದೆ. ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿಗೆ ಅವನ ಪಂಪಿನ ಮನೆಯೇ ಕೊನೆಯದು, ಎಲ್ಲರೂ ಉಂಡು ಉಳಿದ ಕರೆಂಟು ಅವನಿಗೆ. ನಾನು ಹೋಗಿ ಸಂಗತಿ ಹೇಳಿದಾಗ ಅವನು ಸಲಿಕೆ ಕೆಳಗೆ ಹಾಕಿ ನಕ್ಕ: 'ನಮ್ಮ ತ್ವಾಟಕ್ಕ ವೋಲ್ಟೇಜ್ ಇಲ್ಲಂತ ಅರ್ಜಿ ಕೊಟ್ಟು ಕೊಟ್ಟು ನಂಗ ಸಾಕಾಗೇತಿ. ನೀವು ಅದನ್ನ ಹುಡಿಕ್ಕೊಂಡು ಹಾನಗಲ್ಲಿಂದ ಬಂದೀರಲ್ರಿ!' ಮೊನ್ನೆ ಭಾನುವಾರ ಬೆಳಿಗ್ಗೆ ಸೆಟ್ಟು ಅಲ್ಲಿಗೆ ಹೋಯಿತು. ಅಂಬರೀಶ ಸ್ಟೆಬಿಲೈಜರನ್ನು ಕೂಸಿನಂತೆ ಎದೆಗವಚಿಕೊಂಡು ಬಂದಿದ್ದ. ಹಚ್ಚಬೇಡ ಎಂದೆ. 'ಸುಟ್ಟ ಹೋಗತೈತ್ರಿ ಕಾಕಾರ, ಆಮ್ಯಾಲ ನನ್ನ ಹೆಸರು ಹೇಳಬ್ಯಾಡ್ರಿ' ಎಂದು ಬೇಲಿಯ ಹತ್ತಿರ ಹೋಗಿ ನಿಂತ. ಚಾಚಿ ಪಂಪಿನ ಮನೆಯ ಎದುರಿಗೆ ನುಗ್ಗೆ ಗಿಡದ ನೆರಳಲ್ಲಿ ಚಾಪೆ ಹಾಸಿಕೊಂಡು, ಕೊಯ್ದ ಎಲೆಯ ಬುಟ್ಟಿ ಮುಂದಿಟ್ಟುಕೊಂಡು, ಎಲೆ ಆರಿಸುತ್ತ ಕುಳಿತಿದ್ದರು. ಕೇಳುವುದಕ್ಕಾಗಿ ಬಂದವರಂತೆ ಕಾಣಲಿಲ್ಲ.

ಪಂಪಿನ ತ್ರೀಫೇಜು ಕರೆಂಟು ಬಂತು. ಆ ಸಾಲಿನ ಮೋಟರುಗಳಿಗೆಲ್ಲ ಆಟೋ ಸ್ಟಾರ್ಟರು. ಒಂದರ ಹಿಂದೊಂದು ಎದ್ದು ಗುಂಯ್ ಎಂದವು. ಪಂಪಿನ ಮನೆಯ ಬಲ್ಬು ಹಾಲಿನ ಬಣ್ಣದಿಂದ ಅರಿಷಿಣಕ್ಕೆ ಇಳಿಯಿತು, ಅರಿಷಿಣದಿಂದ ಇಂಗಳಕ್ಕೆ. ವಾಲ್ವುಗಳು ಮೊದಲಿನ ಕೆಂಪಿಗೆ ಬರಲೇ ಇಲ್ಲ. ನಾನು ಅಂಕಿತಾಳಿಗೆ ಕೈ ಮಾಡಿದೆ. ಅವಳು ತಂತಿ ಮೀಟಿದಳು, ನಾದ ಬರಲಿಲ್ಲ. ಬರಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಬಂತು, ತಡವಾಗಿ, ಬೆಲ್ಲದ ಪಾಕದಿಂದ ಸೌಟು ಎತ್ತಿದಂತೆ ದಪ್ಪಗೆ, ಮೊದಲು ಒಂದಿಷ್ಟು ಕುಸಿದು ಆಮೇಲೆ ಏರಿ. ಅವಳು ಬೆದರಿ ಕೈ ತೆಗೆದಳು. ಎರಡನೆಯ ಸಲ ಬೆದರಲಿಲ್ಲ. ಮೀಟಿ, ಸುಮ್ಮನೆ ಕೂತು, ಅದು ಕುಸಿಯುವುದನ್ನು ಕೇಳಿ, ಏರುವುದನ್ನು ಕೇಳಿ, ಆಮೇಲೆ ಮುಂದಿನ ಸ್ವರಕ್ಕೆ ಬೆರಳಿಟ್ಟಳು. ನನ್ನ ಉದ್ದುದ್ದ ಸಂಭಾಷಣೆ ಮುಗಿಯಲಿ ಎಂದು ಕಾದು ಕಾದು ಬೆಳೆದ ಹುಡುಗಿ, ಕಾಯುವುದು ಅವಳಿಗೆ ಹೊಸದಲ್ಲ. ಎಲ್ಲೋ ಒಬ್ಬನ ಮೋಟರು ಟ್ರಿಪ್ಪಾಯಿತು, ಬಲ್ಬು ಒಂದಿಷ್ಟು ಎದ್ದಿತು, ತಂತಿಯ ಗಂಟಲು ಬಿಚ್ಚಿತು. ಮತ್ತೆ ಹಚ್ಚಿದ, ಮತ್ತೆ ಕಟ್ಟಿತು. ಕ್ಯಾಸೆಟ್ಟಿನಲ್ಲಿ ನೀನು ಸಾವಿರ ಸಲ ಹಿಂದಕ್ಕೆ ಹಾಕಿ ಕೇಳಿದ್ದು ಇದೇ ತಮ್ಮಾ, ಇದೇ! ಬೇಲಿಯ ಹತ್ತಿರವಿದ್ದ ಅಂಬರೀಶ ಯಾವಾಗ ಬಂದನೋ, ಚಾಚಿಯ ಚಾಪೆಯ ಅಂಚಿಗೆ ಕುಳಿತಿದ್ದ. ಚಾಚಿಯ ಕೈ ಎಲೆಯ ಮೇಲೆ ನಿಂತಿತ್ತು. ಗತ್ತು ಮುಗಿದ ಮೇಲೆ ಅವರು, 'ಹಾಂ. ಹಿಂಗ' ಅಂದರು. ಅಷ್ಟೇ. ಕಣ್ಣೀರಿಲ್ಲ, ಮೂರ್ಛೆಯಿಲ್ಲ. ಅಂಥ ಸೀನಿನಲ್ಲಿ ಅಪ್ಪನಾಗಿದ್ದರೆ ಒಂದು ಪುಟದ ಮಾತು ಹೇಳುತ್ತಿದ್ದ. ಚಾಚಿ ಕೊಳೆತ ಎಲೆಯೊಂದನ್ನು ಆರಿಸಿ ಆಚೆ ಒಗೆದರು.

ಸೋಲೊಪ್ಪದ ಅಂಬರೀಶ ಹುಬ್ಬಳ್ಳಿಯಿಂದ ವೋಲ್ಟೇಜು ಇಳಿಸುವ ಯಂತ್ರವೊಂದನ್ನು ತರಿಸಿದ್ದ, ಅದನ್ನೂ ಅಲ್ಲಿಯೇ ನೋಡಿದೆವು. ತಿರುಗಣಿ ತಿರುವಿ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಬಹುದು. ಇಮ್ರಾನನ ಜನರೇಟರಿಗೆ ಹಚ್ಚಿ ಇಳಿಸಿದೆವು. ಹತ್ತಿರ ಬಂತು, ಆದರೆ ಇಳಿಸಿದಲ್ಲಿಯೇ ಕಾವಲುಗಾರನಂತೆ ನೆಟ್ಟಗೆ ನಿಂತಿತು. ರೈತರ ಮೋಟರು ಏರಿಸಿ ಇಳಿಸಿ ಆಡಿಸುವ ಆಟ ಅದರಲ್ಲಿಲ್ಲ. ಚಾಚಿ ಕೇಳಿ, 'ಇದು ಉಸಿರು ಹಿಡಕೊಂಡು ಕುಂತೈತಿ' ಅಂದರು. ಹಾಗಾಗಿ ಮುದ್ರಣ ಆಗುವುದಿದ್ದರೆ ಇಮ್ರಾನನ ಪಂಪಿನ ಮನೆಯಲ್ಲಿಯೇ ಆಗಬೇಕು, ಮೋಟರುಗಳು ಓಡುವ ದಿನಗಳಲ್ಲಿಯೇ ಆಗಬೇಕು. ಮಳೆ ಹಿಡಿಯಿತೆಂದರೆ ಯಾರೂ ಪಂಪು ಹಚ್ಚುವುದಿಲ್ಲ, ವೋಲ್ಟೇಜು ಉಕ್ಕುತ್ತದೆ, ಸಾಬರ ಆವಾಜು ಮುಂದಿನ ಬೇಸಿಗೆಯವರೆಗೆ ಇಲ್ಲ. ಅಷ್ಟು ಹೊತ್ತಿಗೆ ಮುಂಬೈಯವರು ಬೇರೆ ಯಾರದೋ ಬೆನ್ನು ಹತ್ತಿರುತ್ತಾರೆ. ಚಾಚಿಗೂ ವಯಸ್ಸಾಯಿತು. ನೀನು ಕೊಟ್ಟು ಹೋದ ನಿನ್ನ ತಂತಿಯ ನಾದವನ್ನೂ, ಮಾತಿನಂತೆ, ಅದೇ ಸೆಟ್ಟಿಗೆ, ಅದೇ ಬಿದ್ದ ವೋಲ್ಟೇಜಿಗೆ ಹಾಯಿಸಿ ಕೇಳಿಸಿದೆವು. ಚಾಚಿ ಕೊನೆಯವರೆಗೂ ಕೇಳಿದರು. ಕೇಳಿ ಆದ ಮೇಲೆ ಮುದ್ರಣಕ್ಕೆ ಹೂಂ ಅಂದರು, ಮುಂಬೈಯವರಿಗೆ ನಾನೇ ಫೋನಿನಲ್ಲಿ ತಿಳಿಸಿದ್ದೇನೆ. ಅವರು ಮುಂದಿನ ವಾರವೇ ಯಂತ್ರಗಳನ್ನು ಹೇರಿಕೊಂಡು ಯಲವಿಗಿ ಸ್ಟೇಶನ್ನಿಗೆ ಇಳಿಯುತ್ತೇವೆ ಅಂದಿದ್ದಾರೆ.

ಇನ್ನೇನು ಬರೆಯಲಿ. ಇಮ್ರಾನ ಒಂದು ಬುಟ್ಟಿ ಎಲೆ ಕೊಟ್ಟು ಕಳಿಸಿದ, ಓಣಿಗೆಲ್ಲ ಹಂಚಿದೆವು. ನಿನ್ನ ವೈನಿ ನಿನಗೆ ಕೆಂಪು ಚಟ್ನಿ ಕಟ್ಟಿಟ್ಟಿದ್ದಾಳೆ, ಗೋವೆಗೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಹೆಬ್ಬೆರಳಿಗೆ ಎಣ್ಣೆ ತಿಕ್ಕು. ಮಾಲತೇಶ ದೇವರು ನಿನ್ನ ಬೆನ್ನಿಗಿರಲಿ, ಅಪ್ಪನ ಗಂಟಲು ನನಗೆ ಬಂದಂತೆ ಅವನ ಎದೆಗಾರಿಕೆ ನಿನಗೆ ಬರಲಿ ಎಂದು ಹರಸುವ

ನಿನ್ನ ಅಣ್ಣ
ಉಳಿವೆಪ್ಪ

ತಾ.ಕ.: ಕೊರಿಯರಿನವನು ಬಾಗಿಲು ಹಾಕುತ್ತಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಬಾರಿಸಾಣಿಕೆ ಕೇಳಿ ಚಾಚಿ ಅಂದದ್ದು ಇದು: 'ಆವಾಜ ನಮ್ಮವರದ ಐತಿ. ಕೈ ಅವಸರದಾಗ ಐತಿ. ಆ ತಮ್ಮಗ ಯಾವ ಬಸ್ ತಪ್ಪತೈತಿ?' ಅವರು ಹೂಂ ಅಂದದ್ದು ಅಂಕಿತಾಳ ಕೈಗೆ, ನಿನ್ನದಕ್ಕಲ್ಲ. ನಾನು ನಿನ್ನ ಪರವಾಗಿ ಇಡೀ ತೋಟಕ್ಕೆ ಕೇಳಿಸುವಂತೆ ವಾದಿಸಿದೆ. ಅವರು ಎಲೆ ಆರಿಸುತ್ತಲೇ ಇದ್ದರು. ಅಂಕಿತಾ ಮಾತ್ರ ಅಲ್ಲಿಯೇ, 'ಕಾಕಾನ ಜಾಗಾದಾಗ ನಾ ಕುಂದ್ರೂದಿಲ್ಲ ಅಜ್ಜಿ. ಕಾಕಾ ತಾನಾಗಿ ಬಾರ್ಸು ಅಂದ್ರ ಬಾರಸ್ತೇನಿ, ಇಲ್ಲಂದ್ರ ಇಲ್ಲ' ಅಂದಿದ್ದಾಳೆ. ಮುಂಬೈಯವರಿಗೆ ಇದಾವುದೂ ಗೊತ್ತಿಲ್ಲ. ಪಡುವಣದಲ್ಲಿ ನಿನ್ನೆಯಿಂದ ಮೋಡ ಕಟ್ಟುತ್ತಿದೆ. ನಾನು ಅವಳಿಗೆ ಅಪ್ಪ, ನಿನಗೆ ಅಣ್ಣ, ಈ ಸೀನಿನಲ್ಲಿ ನನಗೆ ಮಾತಿಲ್ಲ. ಹೂಂ ಅನ್ನು, ಉಹೂಂ ಅನ್ನು, ಏನೇ ಅಂದರೂ ಫೋನು ಅವಳಿಗೆ ಮಾಡು, ನನಗೆ ಬೇಡ. ಗಿಟಾರನ್ನು ಅವಳು ನಿನ್ನ ಕೋಣೆಯಲ್ಲಿಟ್ಟು ಬಾಗಿಲು ಮುಂದೆ ಮಾಡಿ ಬಂದಿದ್ದಾಳೆ. ಮೊನ್ನೆಯಿಂದ ಮುಟ್ಟಿಲ್ಲ.